ಅಂಗವೈಕಲ್ಯವಿರುವ ಮಗುವಿಗೆ ನೆರೆಹೊರೆಯಲ್ಲಿ ಜಾಗ ಸಿಗುವಂತೆ ಮಾಡುವುದು ಹೇಗೆ: ಪೋಷಕರಿಗೊಂದು ಸಮಗ್ರ ಮಾರ್ಗದರ್ಶಿ

ಅಂಗವೈಕಲ್ಯವಿರುವ ಮಗುವನ್ನು ಬೆಳೆಸುತ್ತಿರುವ ಮನೆಗೆ ಸಲಹೆಗಳ ಬರವಿಲ್ಲ. ಯಾವ ವೈದ್ಯರು, ಯಾವ ಚಿಕಿತ್ಸೆ, ಯಾವ ವ್ಯಾಯಾಮ ಎಂದು ಹೇಳುವವರು ಬೇಕಾದಷ್ಟು ಮಂದಿ. ಪಕ್ಕದ ಮನೆಯ ಮಕ್ಕಳು ಆಟಕ್ಕೆ ಕರೆಯುವುದನ್ನು ನಿಲ್ಲಿಸಿದಾಗ ಏನು ಮಾಡಬೇಕು, ಸಮಾರಂಭದಲ್ಲಿ ಎಲ್ಲರ ಕಣ್ಣೂ ಮಗುವಿನ ಮೇಲೆ ನೆಟ್ಟಾಗ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಈ ಬರಹ ಅಷ್ಟಕ್ಕೇ ಮೀಸಲು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಊರವರನ್ನೆಲ್ಲ ಒಲಿಸಿಕೊಳ್ಳುವ ಕೆಲಸಕ್ಕೆ ಕೈ ಹಾಕಬೇಡಿ. ಅದು ಮುಗಿಯುವ ಕೆಲಸವಲ್ಲ. ನಿಮ್ಮನ್ನು ದಣಿಸಿ ಕೂರಿಸುತ್ತದೆ. ಬೆರಳೆಣಿಕೆಯ ಜನರನ್ನು ಆರಿಸಿಕೊಂಡು, ಅವರ ಜೊತೆ ಮಗು ಪದೇಪದೇ ಏನಾದರೂ ಮಾಡುವಂತೆ ನೋಡಿಕೊಳ್ಳಿ. ವಿವರಣೆ ಕೊಟ್ಟು ಗೆದ್ದ ಮನಸ್ಸುಗಳಿಗಿಂತ ಒಡನಾಟದಿಂದ ಗೆದ್ದ ಮನಸ್ಸುಗಳೇ ಹೆಚ್ಚು.

ಇನ್ನೊಂದು ವಿಷಯ ಸ್ಪಷ್ಟವಾಗಲಿ. ಅನುಕಂಪ ಬೇರೆ, ಸಹಿಸಿಕೊಳ್ಳುವುದು ಬೇರೆ, ತಮ್ಮವರೆಂದು ಒಪ್ಪಿಕೊಳ್ಳುವುದು ಬೇರೆ. ಅನುಕಂಪ ಬಹಳ ಸುಲಭವಾಗಿ ಸಿಗುತ್ತದೆ, ಬೇಡವೆಂದರೂ ಬಿಡುವುದಿಲ್ಲ. ಸಹಿಸಿಕೊಳ್ಳುವವರು ಮಗು ಬಂದರೆ ಸುಮ್ಮನಿರುತ್ತಾರೆ, ಬರದಿದ್ದರೆ ನೆಮ್ಮದಿಯಾಗಿರುತ್ತಾರೆ. ಒಪ್ಪಿಕೊಂಡವರು ಮಗು ಬರದ ದಿನ "ಇವತ್ತು ಯಾಕೆ ಬರಲಿಲ್ಲ?" ಎಂದು ಕೇಳುತ್ತಾರೆ. ನಿಮ್ಮ ಪ್ರಯತ್ನ ಎಲ್ಲಿಗೆ ಬಂದಿದೆ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಗೊತ್ತಿಲ್ಲ.

ಹಂತ 1: ಮನೆಯೊಳಗಿನ ಮಾತು ಒಂದಾಗಲಿ

ಹೊರಗಿನವರು ಕೇಳಿದರೆ ಅಪ್ಪ "ಸ್ವಲ್ಪ ನಿಧಾನ, ಸರಿಹೋಗುತ್ತಾನೆ" ಎನ್ನುತ್ತಾರೆ. ಅಮ್ಮ ವೈದ್ಯರು ಬರೆದುಕೊಟ್ಟ ಹೆಸರನ್ನು ಹೇಳುತ್ತಾರೆ. ಅಜ್ಜಿ ಮಾತು ಬದಲಿಸುತ್ತಾರೆ. ಕೇಳಿದವರಿಗೆ ಇದರಿಂದ ತಿಳಿಯುವುದು ಒಂದೇ: ಇದು ಮುಚ್ಚಿಡಬೇಕಾದ ವಿಷಯ. ಮುಚ್ಚಿಟ್ಟ ವಿಷಯದ ಸುತ್ತ ಊಹಾಪೋಹ ಹುಟ್ಟದೆ ಇರುತ್ತದೆಯೇ?

ಆದ್ದರಿಂದ ಮನೆಯವರೆಲ್ಲ ಒಂದು ಸಂಜೆ ಕುಳಿತು ಮೂರು ವಾಕ್ಯಗಳನ್ನು ಗೊತ್ತುಮಾಡಿಕೊಳ್ಳಿ. ಮೊದಲನೆಯದರಲ್ಲಿ ಸ್ಥಿತಿಯ ಹೆಸರು, ಎರಡನೆಯದರಲ್ಲಿ ದಿನನಿತ್ಯದ ಬದುಕಿನಲ್ಲಿ ಅದರ ಅರ್ಥ, ಮೂರನೆಯದರಲ್ಲಿ ಮಗುವಿಗೆ ಖುಷಿ ಕೊಡುವ ಒಂದು ಸಂಗತಿ ಇರಲಿ. "ಅವಳಿಗೆ ಸೆರೆಬ್ರಲ್ ಪಾಲ್ಸಿ ಇದೆ. ಸ್ನಾಯುಗಳು ಬಿಗಿಯಾಗಿರುವುದರಿಂದ ನಡೆಯಲು, ಮಾತನಾಡಲು ಹೆಚ್ಚು ಹೊತ್ತು ಬೇಕು. ಒಗಟು ಬಿಡಿಸುವುದರಲ್ಲಿ ಮಾತ್ರ ನಮ್ಮನ್ನೆಲ್ಲ ಸೋಲಿಸುತ್ತಾಳೆ." ಇಷ್ಟು ಸಾಕು. ಮನೆಯಲ್ಲಿ ಯಾರನ್ನು ಕೇಳಿದರೂ ಇದೇ ಉತ್ತರ ಬರುವಂತಾಗಲಿ, ಅಣ್ಣ ತಂಗಿಯರ ಬಾಯಲ್ಲೂ.

ಹಿರಿಯರನ್ನು ಒಪ್ಪಿಸುವುದು ಇದರಲ್ಲಿ ಕಷ್ಟದ ಭಾಗ. ಬಹಳಷ್ಟು ಮನೆಗಳಲ್ಲಿ ಆರೋಪ ತಾಯಿಯ ತಲೆಗೇ ಬರುತ್ತದೆ. ಇದು ಅಜ್ಞಾನಿಗಳ ಮಾತು ಎಂದು ತಳ್ಳಿಹಾಕುವ ಮೊದಲು ಒಂದು ಇತಿಹಾಸ ತಿಳಿದಿರಲಿ. ಕಳೆದ ಶತಮಾನದ ಮಧ್ಯಭಾಗದಲ್ಲಿ ತಾಯಿಯ ಪ್ರೀತಿ ಸಾಲದೆ ಮಕ್ಕಳಿಗೆ ಆಟಿಸಂ (ಇತರರೊಡನೆ ಬೆರೆಯುವ, ಮಾತನಾಡುವ ರೀತಿ ಬೇರೆಯಾಗಿರುವ ಸ್ಥಿತಿ) ಬರುತ್ತದೆ ಎಂದು ದೊಡ್ಡ ದೊಡ್ಡ ತಜ್ಞರೇ ಹೇಳುತ್ತಿದ್ದರು. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಆ ವಾದವನ್ನು ಖಂಡಿಸಿ, ಆಟಿಸಂಗೆ ಜೈವಿಕ ಕಾರಣಗಳಿವೆ ಎಂದು ಬರೆದರು. ಅವರ ಮಗನಿಗೂ ಆಟಿಸಂ ಇತ್ತು. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಭಯ ಹರಡಿಸಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಡೌನ್ ಸಿಂಡ್ರೋಮ್ ಇರುವವರ ಜೀವಕೋಶಗಳಲ್ಲಿ ಒಂದು ಹೆಚ್ಚುವರಿ ವರ್ಣತಂತು (ಕ್ರೋಮೋಸೋಮ್) ಇರುತ್ತದೆ ಎಂಬುದನ್ನು ಫ್ರಾನ್ಸ್‌ನ ಝೆರೋಮ್ ಲೆಜೂನ್ ಮತ್ತು ಸಂಗಡಿಗರು 1959ರಲ್ಲಿ ಪ್ರಕಟಿಸಿದರು. ಅದು 21ನೆಯ ವರ್ಣತಂತುವಿನ ಮೂರನೇ ಪ್ರತಿ. ಅದು ತಾಯಿ ಏನನ್ನೋ ಮಾಡಿದ್ದರಿಂದಲೋ ಮಾಡದಿದ್ದುದರಿಂದಲೋ ಬರುವಂಥದ್ದಲ್ಲ. ಸೆರೆಬ್ರಲ್ ಪಾಲ್ಸಿಯಂತೂ ಬೆಳೆಯುತ್ತಿರುವ ಮೆದುಳಿಗೆ ಆದ ಹಾನಿಯಿಂದ ಬರುವ ಸ್ಥಿತಿ. ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ.

ಈ ಮಾತುಗಳನ್ನು ನೀವು ಹೇಳಿದರೆ ಹಿರಿಯರು ಕೇಳದಿರಬಹುದು. ಅವರಿಗೆ ನಂಬಿಕೆಯಿರುವ ವೈದ್ಯರ ಬಳಿಗೆ ಒಮ್ಮೆ ಅವರನ್ನೇ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳನ್ನು ಅವರೇ ಕೇಳಲಿ. ನೀವು ಬಾಯಿ ಬಿಡದೆ ಪಕ್ಕದಲ್ಲಿ ಕುಳಿತಿರಿ.

ಹಂತ 2: ಹಾಳೆಯ ಮೇಲೆ ಜನರ ನಕ್ಷೆ ಬರೆಯಿರಿ

ಒಂದು ಹಾಳೆಯ ನಡುವೆ ಮಗುವಿನ ಹೆಸರು ಬರೆದು, ಸುತ್ತ ನಾಲ್ಕು ವೃತ್ತಗಳನ್ನು ಎಳೆಯಿರಿ. ಒಳಗಿನ ವೃತ್ತದಲ್ಲಿ ಮಗುವಿನ ಜೀವಕ್ಕೆ ಜೀವವಾದವರು. ಎರಡನೆಯದರಲ್ಲಿ ಗೆಳೆಯರು. ಮೂರನೆಯದರಲ್ಲಿ ಆಟ, ಹಾಡು, ಪಾಠ ಹೀಗೆ ಯಾವುದಾದರೂ ಕೆಲಸದಲ್ಲಿ ಜೊತೆಗಿರುವವರು. ಹೊರಗಿನದರಲ್ಲಿ ವೈದ್ಯರು, ಚಿಕಿತ್ಸಕರು, ಶಿಕ್ಷಕರು, ಅಂದರೆ ಸಂಬಳ ಅಥವಾ ಶುಲ್ಕ ಪಡೆದು ಬರುವವರು. ಕೆನಡಾದಲ್ಲಿ ಮಾರ್ಷಾ ಫಾರೆಸ್ಟ್, ಜ್ಯಾಕ್ ಪಿಯರ್‌ಪಾಯಿಂಟ್ ಮತ್ತು ಅವರ ಜೊತೆಗಾರರು ಬಳಕೆಗೆ ತಂದ ಗೆಳೆಯರ ವೃತ್ತ ಎಂಬ ಈ ವಿಧಾನ ಈಗ ಹಲವು ದೇಶಗಳಲ್ಲಿ ನಡೆಯುತ್ತಿದೆ. ಸಾಮಾನ್ಯವಾಗಿ ಏನಾಗುತ್ತದೆಂದರೆ ಒಳಗಿನ ವೃತ್ತದಲ್ಲಿ ಮನೆಯವರ ಹೆಸರು, ಹೊರಗಿನದರಲ್ಲಿ ತಜ್ಞರ ದಂಡು, ನಡುವಿನ ಎರಡು ವೃತ್ತಗಳು ಖಾಲಿ ಖಾಲಿ. ನೋಡಲು ಸಂಕಟವಾಗುತ್ತದೆ, ನಿಜ. ಆದರೆ ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದು ಆ ಖಾಲಿ ಜಾಗದಲ್ಲೇ ಕಾಣಿಸುತ್ತದೆ.

ಮೂರನೇ ವೃತ್ತವನ್ನು ಮೊದಲು ತುಂಬಿಸಿ. ಗೆಳೆತನವನ್ನು ಬೇಡಿ ತರಲಾಗದು, ಒಟ್ಟಿಗೆ ಮಾಡುವ ಕೆಲಸವನ್ನು ಏರ್ಪಡಿಸಬಹುದು. ನಾಲ್ಕೈದು ಹೆಸರುಗಳನ್ನು ಆರಿಸಿ. ಆರಿಸುವಾಗ ಯಾರು ಹೆಚ್ಚು ಸಿಹಿಯಾಗಿ ಮಾತನಾಡುತ್ತಾರೆ ಎಂದು ನೋಡಬೇಡಿ. ಯಾರು ಮಗುವಿನ ಕಡೆಗೇ ತಿರುಗಿ ಮಾತನಾಡುತ್ತಾರೆ, ಯಾರ ಮನೆಗೆ ಹೋಗಿಬರುವುದು ಸುಲಭ, ಯಾರ ಮಕ್ಕಳಿಗೆ ನಿಮ್ಮ ಮಗುವಿಗಿರುವ ಹುಚ್ಚೇ ಇದೆ ಎಂದು ನೋಡಿ. ರೈಲುಗಳ ಹುಚ್ಚಿರುವ ಇಬ್ಬರು ಮಕ್ಕಳನ್ನು ಒಂದೆಡೆ ಬಿಟ್ಟರೆ ಅರ್ಧ ಕೆಲಸ ಅವರೇ ಮುಗಿಸುತ್ತಾರೆ.

ಬರೀ ಒಂದೆಡೆ ಕೂಡಿಹಾಕಿದರೆ ಸಾಲದು ಎಂಬುದೂ ಗೊತ್ತಿರುವ ವಿಷಯವೇ. ಪೂರ್ವಗ್ರಹ ಕರಗಬೇಕಾದರೆ ಒಡನಾಟಕ್ಕೆ ನಾಲ್ಕು ಲಕ್ಷಣಗಳಿರಬೇಕು ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಬರೆದರು: ಇಬ್ಬರ ಸ್ಥಾನವೂ ಸಮನಾಗಿರಬೇಕು, ಗುರಿ ಒಂದೇ ಆಗಿರಬೇಕು, ಅದಕ್ಕಾಗಿ ಕೈಜೋಡಿಸಬೇಕು, ಅಧಿಕಾರ ಇರುವವರ ಬೆಂಬಲ ಇರಬೇಕು. 2006ರಲ್ಲಿ ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಡನಾಟದಿಂದ ಪೂರ್ವಗ್ರಹ ಕಡಿಮೆಯಾಗುತ್ತದೆ ಎಂಬುದು ಒಟ್ಟಾರೆ ದೃಢಪಟ್ಟಿತು. ಈ ನಾಲ್ಕೂ ಇಲ್ಲದಿದ್ದಾಗಲೂ ಸ್ವಲ್ಪ ಫಲ ಸಿಗುತ್ತದೆ, ಇದ್ದರೆ ಹೆಚ್ಚು.

ಇದನ್ನು ಓಣಿಯ ಆಟಕ್ಕೆ ಹೊಂದಿಸಿ ನೋಡಿ. ಒಬ್ಬ ಹುಡುಗ ದಿನವೂ ನಿಮ್ಮ ಮಗಳ ಗಾಲಿಕುರ್ಚಿ ತಳ್ಳುತ್ತಾನೆ, ಎಲ್ಲರೂ ಅವನನ್ನು ಹೊಗಳುತ್ತಾರೆ. ಒಳ್ಳೆಯದೇ. ಆದರೆ ಅಲ್ಲಿ ಅವನು ಕೊಡುವವನು, ಇವಳು ಪಡೆಯುವವಳು, ಸ್ಥಾನ ಸಮನಾಗಿಲ್ಲ. ಅದೇ ಹುಡುಗಿಗೆ ಪಂದ್ಯದ ಅಂಕ ಬರೆಯುವ, ಔಟೋ ನಾಟೌಟೋ ತೀರ್ಪು ಕೊಡುವ ಕೆಲಸ ಸಿಕ್ಕರೆ ಉಳಿದವರು ಅವಳ ಜೊತೆ ಜಗಳವಾಡುತ್ತಾರೆ, ವಾದಿಸುತ್ತಾರೆ, ನಾಳೆ ಬೇಗ ಬಾ ಎನ್ನುತ್ತಾರೆ. ಮಕ್ಕಳು ಅವಳೊಂದಿಗೆ ಜಗಳವಾಡುವುದನ್ನು ಕಂಡು ಓಡಿಹೋಗಿ ಬಿಡಿಸುವ ಅಪ್ಪ ಅಮ್ಮಂದಿರಿಗೆ ನನ್ನದೊಂದೇ ಕೋರಿಕೆ: ಸ್ವಲ್ಪ ತಡೆಯಿರಿ. ಪಾಪ ಎಂದುಕೊಂಡವರ ಜೊತೆ ಯಾವ ಮಕ್ಕಳೂ ಜಗಳವಾಡುವುದಿಲ್ಲ.

ಹಂತ 3: ಪ್ರಶ್ನೆಗಳಿಗೆ ಉತ್ತರ ಮೊದಲೇ ಸಿದ್ಧವಿರಲಿ

ಮನೆಯವರು ಸೇರಿ ಮಾಡಿಕೊಂಡ ಮೂರು ವಾಕ್ಯಗಳು ಪರಿಚಿತರಿಗೆ. ದಾರಿಯಲ್ಲಿ ಸಿಕ್ಕವರಿಗೆ ಅಷ್ಟೂ ಬೇಕಾಗಿಲ್ಲ. ಲಿಫ್ಟಿನಲ್ಲಿ, ಬಸ್ಸಿನಲ್ಲಿ, ಸರದಿ ಸಾಲಿನಲ್ಲಿ ಯಾರೋ "ಏನಾಗಿದೆ ಇವನಿಗೆ?" ಎಂದರೆ "ಏನೂ ಆಗಿಲ್ಲ, ಅವನು ಮಾತನಾಡುವ ರೀತಿ ಬೇರೆ, ಅಷ್ಟೇ" ಎಂದರೆ ಮುಗಿಯಿತು. ಕೆದಕಿ ಕೇಳುವವರಿಗೆ "ಅದು ನಮ್ಮ ಮನೆಯ ವಿಷಯ, ಇವತ್ತು ಬೇಡ" ಎಂದು ನಗುನಗುತ್ತಲೇ ಬಾಗಿಲು ಹಾಕಬಹುದು. ಪ್ರತಿಯೊಬ್ಬರಿಗೂ ಪಾಠ ಹೇಳುವ ಹೊಣೆ ನಿಮ್ಮದಲ್ಲ. ಮಗುವಿನ ವೈದ್ಯಕೀಯ ವಿವರ ಮಗುವಿಗೆ ಸೇರಿದ್ದು, ನೀವು ಅದರ ಕಾವಲುಗಾರರು ಮಾತ್ರ. ಶೌಚದ ತೊಂದರೆ, ಔಷಧಿ, ಬುದ್ಧಿಮಟ್ಟದ ಅಂಕ ಇವನ್ನೆಲ್ಲ ಇಂದು ಹೇಳಿಬಿಟ್ಟರೆ, ಮಗುವಿಗೆ ಹದಿನೈದು ವರ್ಷವಾದಾಗ ಹಿಂದಕ್ಕೆ ಪಡೆಯಲಾಗದು.

ಮಕ್ಕಳ ಪ್ರಶ್ನೆ ಬೇರೆಯೇ ಜಾತಿಯದು. ಅದನ್ನು ಒಮ್ಮೆ ಹತ್ತಿರದಿಂದ ನೋಡೋಣ. ಉದ್ಯಾನದಲ್ಲಿ ಜೋಕಾಲಿಗೆ ಸಾಲು ನಿಂತಿದೆ. ಆರು ವರ್ಷದ ಹುಡುಗಿಯೊಬ್ಬಳು ನಿಮ್ಮ ಮಗನನ್ನೇ ದಿಟ್ಟಿಸುತ್ತಿದ್ದಾಳೆ. ಅವನು ಖುಷಿಗೆ ಎರಡೂ ಕೈ ಪಟಪಟ ಆಡಿಸುತ್ತಿದ್ದಾನೆ. ಹುಡುಗಿ ಕೇಳಿಯೇ ಬಿಡುತ್ತಾಳೆ: "ಇವನು ಯಾಕೆ ಹೀಗೆ ಮಾಡುತ್ತಾನೆ?" ಅವಳ ಅಮ್ಮ ನಾಚಿಕೆಯಿಂದ ಕೆಂಪಾಗಿ "ಹಾಗೆಲ್ಲ ಕೇಳಬಾರದು!" ಎಂದು ಅವಳ ಕೈ ಹಿಡಿದು ಎಳೆಯುತ್ತಾರೆ. ಆ ಕ್ಷಣ ಹುಡುಗಿ ಕಲಿಯುವುದು ಏನೆಂದರೆ, ಈ ಹುಡುಗನ ಬಗ್ಗೆ ಮಾತನಾಡುವುದೇ ತಪ್ಪು ಎಂದು. ನೀವು ಬೇಗ ನಡುವೆ ಬನ್ನಿ. "ಕೇಳಲಿ ಬಿಡಿ. ಅವನಿಗೆ ತುಂಬಾ ಖುಷಿಯಾದಾಗ ಕೈ ಆಡಿಸುತ್ತಾನೆ. ನಿನಗೆ ಖುಷಿಯಾದಾಗ ನೀನೇನು ಮಾಡುತ್ತೀಯ?" ಹುಡುಗಿ ಕುಣಿದು ತೋರಿಸಬಹುದು. ಇವನು ನೋಡಬಹುದು, ನೋಡದೆಯೂ ಇರಬಹುದು. ಮುಂದಿನ ಬಾರಿ ಇವನು ಕೈ ಆಡಿಸಿದರೆ ಅವಳಿಗೆ ಅದು ವಿಚಿತ್ರವಾಗಿ ಕಾಣುವುದಿಲ್ಲ. ಅವಳ ಅಮ್ಮನ ಮುಜುಗರವೂ ಇಳಿದಿರುತ್ತದೆ, ಅದು ಲಾಭದ ಮೇಲೆ ಲಾಭ.

ಇಂಥ ಮಾತುಕತೆ ನಡೆಯುವಾಗಲೆಲ್ಲ ನಿಮ್ಮ ಮಗು ಕೇಳಿಸಿಕೊಳ್ಳುತ್ತಿದೆ ಎಂದೇ ಭಾವಿಸಿ. ಮಾತು ಬಾರದ ಮಗುವಿಗೆ ಮಾತು ತಿಳಿಯುವುದಿಲ್ಲ ಎಂದುಕೊಳ್ಳುವುದು ಹೊರಗಿನವರು ಮಾತ್ರ ಮಾಡುವ ತಪ್ಪಲ್ಲ. ಸಾಧ್ಯವಿದ್ದರೆ ಉತ್ತರವನ್ನು ಅವನಿಗೇ ಬಿಡಿ, ಚಿತ್ರಫಲಕವೋ ಮಾತನಾಡುವ ಸಾಧನವೋ ಕೈಗೆ ಸಿಗುವ ಹಾಗಿರಲಿ.

ಹಂತ 4: ಮಗುವಿನ ಪರಿಚಯಕ್ಕೆ ಒಂದೇ ಒಂದು ಪುಟ

ಹೊಸ ಶಿಕ್ಷಕರು, ಆಟಕ್ಕೆ ಕರೆದ ಮನೆಯವರು, ಬೇಸಿಗೆ ಶಿಬಿರ ನಡೆಸುವವರು, ಇವರಿಗೆಲ್ಲ ವೈದ್ಯಕೀಯ ಕಡತ ಕೊಟ್ಟರೆ ಹೆದರುತ್ತಾರೆ. ಒಂದು ಪುಟ ಕೊಡಿ. ಮಗುವೇ ಹೇಳುತ್ತಿರುವಂತೆ ಬರೆಯಿರಿ. ಒಂದು ಮಾದರಿ:

"ನನಗೆ ನೀರಿನ ಆಟ, ಡೋಲಿನ ಸದ್ದು, ಯಾರಾದರೂ ಕಥೆ ಓದುವುದು ಇಷ್ಟ. ಪರಿಚಯದವರು ಅಪ್ಪಿಕೊಂಡರೆ ಖುಷಿ. ಹಿಂದಿನಿಂದ ಬಂದು ಮುಟ್ಟಿದರೆ ಬೆಚ್ಚಿಬೀಳುತ್ತೇನೆ, ಎದುರಿನಿಂದ ಬನ್ನಿ. ಬಲೂನು ಒಡೆಯುವ ಸದ್ದು ಆಗುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಅಷ್ಟರಲ್ಲಿ ಉತ್ತರ ಕೊಡುತ್ತೇನೆ. ಕಿವಿ ಮುಚ್ಚಿಕೊಂಡರೆ ಸಾಕಾಯಿತು ಎಂದರ್ಥ. ಹೊರಗೆ ಕರೆದುಕೊಂಡು ಹೋಗಿ, ಮಾತನಾಡಿಸಬೇಡಿ. ಮತ್ತೆ ಬರಬೇಕೆನಿಸಿದಾಗ ನಾನೇ ಬರುತ್ತೇನೆ."

ಇಷ್ಟದ ಸಂಗತಿಗಳಿಂದಲೇ ಪುಟ ಶುರುವಾಗಲಿ. ಮೊದಲ ಸಾಲಿನಲ್ಲೇ ರೋಗದ ಹೆಸರು ಓದಿದವರು ಆಮೇಲೆ ಏನನ್ನೂ ಓದುವುದಿಲ್ಲ.

ಮೂರ್ಛೆರೋಗ ಇರುವ ಮಗುವಾದರೆ ಪುಟದ ಹಿಂಭಾಗದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆಯಿರಿ: ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ, ಗಡಿಯಾರ ನೋಡಿ, 5 ನಿಮಿಷ ದಾಟಿದರೆ ಆಂಬ್ಯುಲೆನ್ಸ್ ಕರೆಯಿರಿ. ಜನ ದೂರವಿಡುವುದು ಎಷ್ಟೋ ಸಲ ತಿರಸ್ಕಾರದಿಂದಲ್ಲ, ಏನಾದರೂ ಆದರೆ ಏನು ಮಾಡಬೇಕೆಂದು ತೋಚದ ಭಯದಿಂದ. ಆ ಭಯಕ್ಕೆ ಐದು ಸಾಲಿನ ಸೂಚನೆ ಒಳ್ಳೆಯ ಮದ್ದು.

ಹಂತ 5: ಒಂದೇ ಜಾಗ, ಒಂದೇ ಹೊತ್ತು, ಚಿಕ್ಕ ಪ್ರವೇಶ

ಪ್ರತಿ ವಾರ ಹೊಸ ಜಾಗಕ್ಕೆ ಹೋದರೆ ಪ್ರತಿ ವಾರವೂ ನೀವು ಅಪರಿಚಿತರೇ. ಒಂದು ಗ್ರಂಥಾಲಯ, ಒಂದು ಮೈದಾನ, ಒಂದು ಹಾಡಿನ ತರಗತಿ, ಯಾವುದಾದರೂ ಒಂದನ್ನು ಆರಿಸಿ, ವಾರದ ಅದೇ ದಿನ ಅದೇ ಹೊತ್ತಿಗೆ ಹೋಗಿ. ಅಲ್ಲಿಗೆ ಬರುವವರೂ ಅವರೇ ಆಗಿರುತ್ತಾರೆ. ಮೊದಮೊದಲು ಇಪ್ಪತ್ತು ನಿಮಿಷ ಸಾಕು. ಮಗು ಇನ್ನೂ ಖುಷಿಯಾಗಿರುವಾಗಲೇ ಹೊರಡಿ. ಅಳು ಶುರುವಾಗುವವರೆಗೆ ಕಾದರೆ ಮಗುವಿಗೂ ಅದೇ ನೆನಪು, ನೋಡಿದವರಿಗೂ ಅದೇ ನೆನಪು.

ಹೋಗುವ ಮೊದಲು ಜಾಗವನ್ನು ನೀವೊಬ್ಬರೇ ನೋಡಿಬನ್ನಿ. ಶೌಚಾಲಯ ಎಲ್ಲಿದೆ, ಗದ್ದಲ ಎಷ್ಟಿದೆ, ತಟ್ಟನೆ ಹೊರಬರಲು ದಾರಿ ಯಾವುದು ಎಂದು ಗುರುತಿಟ್ಟುಕೊಳ್ಳಿ. ಗಾಲಿಕುರ್ಚಿಯಾದರೆ ಇಳಿಜಾರಿನ ಅಳತೆ ಕೇಳಿ: 1 ಪಾಲು ಎತ್ತರಕ್ಕೆ 12 ಪಾಲು ಉದ್ದ ಎಂಬುದು ವ್ಯಾಪಕವಾಗಿ ಬಳಕೆಯಲ್ಲಿರುವ ಲೆಕ್ಕ. ಅಂದರೆ 30 ಸೆಂಟಿಮೀಟರ್ ಎತ್ತರದ ಜಗುಲಿಗೆ 3.6 ಮೀಟರ್ ಉದ್ದದ ಇಳಿಜಾರು ಬೇಕು. "ನಮ್ಮಲ್ಲಿ ಇಳಿಜಾರು ಇದೆ" ಎಂದು ಹೇಳಿ, ಹಲಗೆಯೊಂದನ್ನು ಮೆಟ್ಟಿಲಿಗೆ ಒರಗಿಸಿರುವುದನ್ನು ತೋರಿಸುವವರಿಗೆ ಈ ಲೆಕ್ಕವನ್ನು ಮೆತ್ತಗೆ ಹೇಳಬಹುದು.

ಬದಲಾವಣೆ ಸಹಿಸದ ಮಗುವಾದರೆ ಆ ಜಾಗದ ನಾಲ್ಕಾರು ಫೋಟೊ ತೆಗೆದು ಸಣ್ಣ ಕಥೆ ಮಾಡಿ: "ನಾವು ಗ್ರಂಥಾಲಯಕ್ಕೆ ಹೋಗುತ್ತೇವೆ. ಬಾಗಿಲು ನೀಲಿ ಬಣ್ಣದ್ದು. ಒಳಗೆ ಎಲ್ಲರೂ ಮೆಲ್ಲಗೆ ಮಾತನಾಡುತ್ತಾರೆ. ಒಂದು ಪುಸ್ತಕ ತೆಗೆದುಕೊಂಡು ಮನೆಗೆ ಬರುತ್ತೇವೆ." ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದ ಆರಂಭದಲ್ಲಿ ರೂಪಿಸಿದ ಈ ಬಗೆಯ ಕಥೆಗಳನ್ನು ಇಂದು ಆಟಿಸಂ ಇರುವ ಮಕ್ಕಳಿಗೆ ಎಲ್ಲೆಡೆ ಬಳಸುತ್ತಾರೆ. ಕಥೆಯಲ್ಲಿ ಅಪ್ಪಣೆಗಳೇ ತುಂಬಿದ್ದರೆ ಮಗು ಕೇಳುವುದಿಲ್ಲ. ಅಲ್ಲಿ ಏನು ನಡೆಯುತ್ತದೆ ಎಂಬ ವರ್ಣನೆಯೇ ಹೆಚ್ಚಿರಲಿ.

ಎರಡು ಮೂರು ವಾರ ಹೋದ ಮೇಲೆ ಮಗುವಿಗೊಂದು ಪುಟ್ಟ ಕೆಲಸ ಕೇಳಿ ಪಡೆಯಿರಿ. ಕುರ್ಚಿ ಜೋಡಿಸುವುದು, ಹಾಜರಿ ಚೀಟಿ ಹಂಚುವುದು, ಗಂಟೆ ಬಾರಿಸುವುದು. "ನಮ್ಮ ಮಗುವನ್ನು ಸೇರಿಸಿಕೊಳ್ಳುತ್ತೀರಾ?" ಎಂಬ ಪ್ರಶ್ನೆಗೆ ಸಂಘಟಕರು ತಡವರಿಸುತ್ತಾರೆ. "ಇವನು ಏನು ಸಹಾಯ ಮಾಡಬಹುದು?" ಎಂದರೆ ಏನಾದರೊಂದು ಹೇಳುತ್ತಾರೆ.

ಹೊರಗೆ ಕಾಣದ ವೈಕಲ್ಯಗಳ ಕಷ್ಟವೇ ಬೇರೆ. ನೋಡಲು ಎಲ್ಲರಂತಿರುವ ಮಗು ನೆಲಕ್ಕೆ ಬಿದ್ದು ಚೀರಿದರೆ ಜನ ಪೋಷಕರನ್ನೇ ಬೈಯುತ್ತಾರೆ. 2016ರಲ್ಲಿ ಬ್ರಿಟನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾದ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿ ಇಂಥವರಿಗಾಗಿಯೇ ಬಂದದ್ದು. ಧರಿಸಿದವರಿಗೆ ಕಾಣದ ವೈಕಲ್ಯವಿದೆ, ಸ್ವಲ್ಪ ಸಮಯ ಕೊಡಿ ಎಂಬುದು ಅದರ ಸೂಚನೆ. ಈಗ ಅನೇಕ ದೇಶಗಳ ವಿಮಾನ ನಿಲ್ದಾಣಗಳಲ್ಲಿ ಅದು ಚಾಲ್ತಿಯಲ್ಲಿದೆ. ಮಗುವಿಗೆ ಅದು ಬೇಕೋ ಬೇಡವೋ ಎಂಬುದನ್ನು ಮಗುವನ್ನೇ ಕೇಳಬೇಕು. ಕೆಲವರಿಗೆ ಅದು ನೆರವು, ಕೆಲವರಿಗೆ ಹಣೆಪಟ್ಟಿ.

ಹಂತ 6: ಶಾಲೆಯಲ್ಲಿ ಹಕ್ಕಿನ ಮಾತು ಬರಹದಲ್ಲಿರಲಿ

ಇಲ್ಲಿಯವರೆಗೆ ಹೇಳಿದ್ದು ಮನವೊಲಿಕೆಯ ದಾರಿ. ಶಾಲೆಗೆ ಬಂದಾಗ ಇನ್ನೊಂದು ದಾರಿಯೂ ಜೊತೆಗಿರಬೇಕು. ವಿಶ್ವಸಂಸ್ಥೆಯ ಮಹಾಸಭೆ 2006ರ ಡಿಸೆಂಬರ್ 13ರಂದು ಅಂಗೀಕರಿಸಿದ, 2008ರ ಮೇ 3ರಂದು ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯ 24ನೆಯ ವಿಧಿ, ವೈಕಲ್ಯದ ಕಾರಣಕ್ಕೆ ಯಾವ ಮಗುವನ್ನೂ ಸಾಮಾನ್ಯ ಶಿಕ್ಷಣ ವ್ಯವಸ್ಥೆಯಿಂದ ಹೊರಗಿಡಬಾರದು ಎನ್ನುತ್ತದೆ. ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಎಂದೂ ಹೇಳುತ್ತದೆ. ಸಮುದಾಯದೊಳಗೆ ಬದುಕುವ ಹಕ್ಕು 19ನೆಯ ವಿಧಿಯಲ್ಲಿದೆ. ಅದಕ್ಕೂ ಮೊದಲು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 23ನೆಯ ವಿಧಿ ಸಮುದಾಯದಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳುವ ಅವಕಾಶವನ್ನು ಇಂಥ ಮಕ್ಕಳಿಗೆ ಕೊಟ್ಟಿತ್ತು. ಈ ಒಡಂಬಡಿಕೆಗಳಿಗೆ ಸೇರಿರುವ ದೇಶಗಳಲ್ಲಿ ಇದಕ್ಕೆ ತಕ್ಕ ಕಾನೂನು ಏನಿದೆ ಎಂದು ತಿಳಿದು, ಆ ಕಲಮಿನ ಸಂಖ್ಯೆಯನ್ನೇ ಬರೆದು ಅರ್ಜಿ ಕೊಡಿ. ಬಾಯಿಮಾತಿನ ಕೋರಿಕೆಗೆ ಬಾಯಿಮಾತಿನ ನಿರಾಕರಣೆ ಸಿಗುತ್ತದೆ. ಪತ್ರಕ್ಕೆ ಪತ್ರದಲ್ಲೇ ಉತ್ತರಿಸಬೇಕಾಗುತ್ತದೆ.

ನಿರಾಕರಿಸುವವರು ಕೊಡುವ ಕಾರಣಗಳು ಕೇಳಲು ಬಹಳ ಸಭ್ಯವಾಗಿರುತ್ತವೆ. ಜೂಡಿತ್ ಹ್ಯೂಮನ್ ಪೋಲಿಯೊದಿಂದಾಗಿ ಗಾಲಿಕುರ್ಚಿ ಬಳಸುತ್ತಿದ್ದ ಹುಡುಗಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಐದನೇ ವಯಸ್ಸಿಗೆ ಶಾಲೆಗೆ ಹೋದಾಗ, ಬೆಂಕಿ ಬಿದ್ದರೆ ಈ ಕುರ್ಚಿ ಅಪಾಯ ಎಂದು ಹೇಳಿ ಮನೆಗೆ ಕಳುಹಿಸಿದರು. ಬೆಳೆದು ಶಿಕ್ಷಕಿಯಾಗಲು ಹೊರಟಾಗ ಪರವಾನಗಿ ನಿರಾಕರಿಸಿದರು. ಅವರು 1970ರಲ್ಲಿ ನ್ಯಾಯಾಲಯಕ್ಕೆ ಹೋಗಿ ಅದನ್ನು ಪಡೆದರು, ಮುಂದೆ ಅಂಗವಿಕಲರ ಹಕ್ಕುಗಳ ಹೋರಾಟದ ದೊಡ್ಡ ಹೆಸರಾದರು. "ನಿಮ್ಮ ಮಗುವಿನ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ" ಎಂದು ಶಾಲೆಯವರು ಶುರುಮಾಡಿದರೆ, ಆ ಒಳ್ಳೆಯದು ಏನು, ಅದಕ್ಕೆ ಬೇರೆ ದಾರಿ ಇಲ್ಲವೇ ಎಂದು ವಿನಯದಿಂದಲೇ ಕೇಳಿ.

ತರಗತಿಯ ಮಕ್ಕಳಿಗೆ ವಿಷಯ ತಿಳಿಸುವುದು ಶಿಕ್ಷಕರ ಜೊತೆ ಕೂತು ಮಾಡಬೇಕಾದ ಕೆಲಸ. ನಿಮ್ಮ ಮಗುವನ್ನು ಮುಂದೆ ನಿಲ್ಲಿಸಿ ಉಪನ್ಯಾಸ ಕೊಡಿಸಬೇಡಿ. ಎಲ್ಲ ಮಕ್ಕಳೂ ತಮಗೆ ಯಾವುದು ಸುಲಭ, ಯಾವುದು ಕಷ್ಟ ಎಂದು ಹೇಳುವ ಒಂದು ಪಾಠದಲ್ಲಿ ನಿಮ್ಮ ಮಗುವಿನದೂ ಒಂದು ಸಾಲು ಬಂದರೆ ಚೆನ್ನ. ಕೀಟಲೆ ಮಿತಿಮೀರಿದರೆ ದಿನಾಂಕ, ಜಾಗ, ಆಡಿದ ಮಾತು, ನೋಡಿದವರು ಇಷ್ಟನ್ನೂ ಬರೆದಿಟ್ಟುಕೊಂಡು ದೂರು ಕೊಡಿ. "ಮಕ್ಕಳಲ್ಲವೇ, ಬಿಡಿ" ಎಂಬ ಉತ್ತರವನ್ನು ಒಪ್ಪಬೇಡಿ.

ಹಂತ 7: ನೆಂಟರು, ಹಿತೈಷಿಗಳು, ಪವಾಡ ಹೇಳುವವರು

ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪವಾಡದ ಚಿಕಿತ್ಸೆ ಹೇಳುವವರಿಗೆ "ವೈದ್ಯರನ್ನು ಕೇಳಿ ನೋಡುತ್ತೇವೆ" ಎಂಬುದೊಂದೇ ಉತ್ತರ. ವಾದಕ್ಕೆ ಇಳಿಯಬೇಡಿ. ಗುಣಪಡಿಸುತ್ತೇನೆಂದು ಖಚಿತ ಭರವಸೆ ಕೊಟ್ಟು ಮುಂಗಡ ಹಣ ಕೇಳುವವರಿಂದ ದೂರವಿರಿ.

ಸಮಾರಂಭಗಳಿಗೆ ನೆಂಟರು ಕರೆಯುವಾಗ "ನೀವು ಮಾತ್ರ ಬನ್ನಿ, ಮಗುವಿಗೆ ತೊಂದರೆಯಾಗುತ್ತದೆ" ಎಂದರೆ ಹಲವರು ನುಂಗಿಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದನ್ನು ನುಂಗಬಾರದು. "ನಾವೆಲ್ಲ ಒಂದು ಗಂಟೆಗಾಗಿ ಬರುತ್ತೇವೆ, ಗದ್ದಲವಿಲ್ಲದ ಒಂದು ಕೋಣೆ ಇದ್ದರೆ ಸಾಕು" ಎಂದು ತಿರುಗಿ ಹೇಳಿ. ತಮಗೇನು ಮಾಡಬೇಕೆಂದು ತಿಳಿದರೆ ಮಾಡುವ ನೆಂಟರು ನೀವೆಣಿಸಿದ್ದಕ್ಕಿಂತ ಹೆಚ್ಚಿರುತ್ತಾರೆ. ಕೋಣೆ ಕೊಡಲೂ ಮನಸ್ಸಿಲ್ಲದವರು ಯಾರೆಂಬುದೂ ಅಂದೇ ಗೊತ್ತಾಗುತ್ತದೆ.

ಹಂತ 8: ನಿಮ್ಮಂಥ ಮನೆಗಳನ್ನು ಹುಡುಕಿ, ಅಲ್ಲೇ ಉಳಿಯಬೇಡಿ

ಜಗತ್ತಿನಲ್ಲಿ ಸುಮಾರು 24 ಕೋಟಿ ಮಕ್ಕಳಿಗೆ ಯಾವುದಾದರೊಂದು ವೈಕಲ್ಯವಿದೆ, ಅಂದರೆ ಹತ್ತರಲ್ಲಿ ಒಂದು ಮಗುವಿಗೆ, ಎಂದು ಯುನಿಸೆಫ್ 2021ರಲ್ಲಿ ಅಂದಾಜಿಸಿತು. ನಿಮ್ಮ ಬೀದಿಯಲ್ಲಿ ನೀವೊಬ್ಬರೇ ಎನಿಸಿದ್ದರೆ, ಇನ್ನೊಂದು ಮನೆಯವರು ಮಗುವನ್ನು ಹೊರಗೆ ಕರೆತರುತ್ತಿಲ್ಲ ಎಂಬ ಸಾಧ್ಯತೆಯೇ ಹೆಚ್ಚು.

1946ರಲ್ಲಿ ಬ್ರಿಟನ್ನಿನ ಜೂಡಿ ಫ್ರೈಡ್ ಎಂಬ ತಾಯಿ ಪತ್ರಿಕೆಯೊಂದಕ್ಕೆ ಪತ್ರ ಬರೆದು, ಕಲಿಕೆಯ ಅಸಾಮರ್ಥ್ಯವಿರುವ ಮಕ್ಕಳ ಪೋಷಕರು ತಮ್ಮನ್ನು ಸಂಪರ್ಕಿಸಬೇಕೆಂದು ಕೋರಿದರು. ಶಾಲೆಗಳು ಅವರ ಮಗಳಿಗೆ ಜಾಗ ಕೊಟ್ಟಿರಲಿಲ್ಲ. ಬಂದ ಉತ್ತರಗಳಿಂದ ಹುಟ್ಟಿದ ಪೋಷಕರ ಸಂಘವೇ ಇಂದಿನ ಮೆನ್‌ಕ್ಯಾಪ್ ಸಂಸ್ಥೆ. ನೀವು ಸಂಸ್ಥೆಯನ್ನೇ ಕಟ್ಟಬೇಕಾಗಿಲ್ಲ. ಚಿಕಿತ್ಸಾ ಕೇಂದ್ರದ ಹೊರಗೆ ಬೆಂಚಿನ ಮೇಲೆ ದಿನವೂ ಪಕ್ಕದಲ್ಲಿ ಕೂರುವ ತಂದೆಯ ಫೋನ್ ಸಂಖ್ಯೆ ಕೇಳಿದರೆ ಶುರುವಾಯಿತು. ಯಾವ ದಂತವೈದ್ಯರಿಗೆ ತಾಳ್ಮೆಯಿದೆ, ಯಾವ ಶಾಲೆ ಬಾಯಲ್ಲಿ ಒಂದು ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡಿದೆ ಎಂಬುದು ಇಂಥ ಬೆಂಚುಗಳ ಮೇಲೆ ಮಾತ್ರ ತಿಳಿಯುವ ಜ್ಞಾನ.

ಎಚ್ಚರವಿರಲಿ, ಈ ಗುಂಪಿನ ಬೆಚ್ಚನೆಯಲ್ಲೇ ಮಗುವಿನ ಬಾಲ್ಯ ಕಳೆದುಹೋಗಬಾರದು. ಗುಂಪಿನ ಎರಡು ಮೂರು ಮನೆಯವರು ಸೇರಿ ಸಾರ್ವಜನಿಕ ಉದ್ಯಾನಕ್ಕೆ ಹೋದರೆ ದಿಟ್ಟಿಸುವ ಕಣ್ಣುಗಳ ಭಾರವೂ ಹಂಚಿಹೋಗುತ್ತದೆ.

ಹಂತ 9: ನಿಮ್ಮ ಚರ್ಮವೂ ಮನುಷ್ಯರದೇ

ಕಳಂಕ ಹೊತ್ತವರ ಹತ್ತಿರವಿರುವವರಿಗೂ ಆ ಕಳಂಕ ಮೆತ್ತಿಕೊಳ್ಳುತ್ತದೆ ಎಂದು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಬರೆದಿದ್ದರು. ಪೋಷಕರು ಸಮಾರಂಭಗಳನ್ನು ತಪ್ಪಿಸುವುದು, ಗೆಳೆಯರಿಂದ ದೂರವಾಗುವುದು, ಯಾರಾದರೂ ನಕ್ಕರೆ ತಮ್ಮನ್ನು ನೋಡಿಯೇ ನಕ್ಕರೆಂದುಕೊಳ್ಳುವುದು ಇದರ ಫಲ. ಅದಕ್ಕೇ ಕೆಲವು ದಿನ ಏನನ್ನೂ ವಿವರಿಸದಿರುವ ರಜೆಯನ್ನು ನಿಮಗೆ ನೀವೇ ಕೊಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರಿದ್ದರೆ ಸರದಿ ಹಾಕಿಕೊಳ್ಳಿ: ಈ ಸಮಾರಂಭದಲ್ಲಿ ಮಗುವಿನ ಜೊತೆ ನಾನು, ಜನರ ಜೊತೆ ನೀನು.

ಅಣ್ಣ ತಂಗಿಯರನ್ನು ಮರೆಯಬೇಡಿ. "ನೀನು ಜಾಣ, ಅರ್ಥಮಾಡಿಕೋ" ಎಂಬ ಮಾತು ಅವರು ದಿನವೂ ಕೇಳುವ ಮಾತು. ಅವರ ಪಂದ್ಯಕ್ಕೆ, ಅವರ ನಾಟಕಕ್ಕೆ ಒಬ್ಬರಾದರೂ ಪೂರ್ತಿ ಹೊತ್ತು ಕೂತಿರಬೇಕು. ತಮ್ಮನ ಬಗ್ಗೆ ಗೆಳೆಯರ ಎದುರು ನಾಚಿಕೆಯಾಯಿತು ಎಂದು ಅವರು ಹೇಳಿದರೆ ಗದರಬೇಡಿ. ಅದನ್ನು ಮನೆಯಲ್ಲಿ ಹೇಳಿಕೊಳ್ಳಲು ಜಾಗವಿದೆ ಎಂಬುದೇ ದೊಡ್ಡದು.

ಹಂತ 10: ಮಗು ಬೆಳೆದಂತೆ ಮಾತು ಮಗುವಿನದಾಗಲಿ

ವೈಕಲ್ಯವಿರುವ ವಯಸ್ಕರನ್ನು ಭೇಟಿಯಾಗಿ, ಮಗುವನ್ನೂ ಕರೆದುಕೊಂಡು ಹೋಗಿ. ತನ್ನಂತೆಯೇ ಗಾಲಿಕುರ್ಚಿಯಲ್ಲಿ ಕೂತು ಕಚೇರಿ ನಡೆಸುವವರನ್ನು, ಕೈಸನ್ನೆಯಲ್ಲೇ ಹಾಸ್ಯ ಮಾಡಿ ನಗಿಸುವವರನ್ನು ಮಗು ನೋಡಿರಬೇಕು. ಪೋಷಕರ ಕಣ್ಣಿಗೆ ಬೀಳದ್ದನ್ನು ಅವರು ಕಾಣುತ್ತಾರೆ. ಆಟಿಸಂ ಇರುವ ಜಿಮ್ ಸಿಂಕ್ಲೇರ್ 1993ರಲ್ಲಿ ಆಟಿಸಂ ಕುರಿತ ಸಮ್ಮೇಳನವೊಂದರಲ್ಲಿ ಪೋಷಕರಿಗೆ ನೇರವಾಗಿಯೇ ಹೇಳಿದರು, ನಮಗಾಗಿ ಶೋಕಿಸಬೇಡಿ ಎಂದು. ಕೇಳಲು ಕಹಿ ಎನಿಸಿದರೂ ಎಲ್ಲ ಅಪ್ಪ ಅಮ್ಮಂದಿರು ಒಮ್ಮೆ ಕೇಳಬೇಕಾದ ಮಾತು.

ಆರು ತಿಂಗಳಿಗೊಮ್ಮೆ ವೃತ್ತಗಳ ಹಾಳೆಯನ್ನು ಹೊರತೆಗೆದು ಮಗುವಿನ ಜೊತೆ ಕುಳಿತು ತಿದ್ದಿ. ಯಾರನ್ನು ಒಳಗೆ ಬರೆಯಬೇಕು, ಯಾರನ್ನು ಅಳಿಸಬೇಕು ಎಂಬುದನ್ನು ಮಗು ಹೇಳಲಿ, ಬೆರಳಿಟ್ಟು ತೋರಿಸಲಿ. ನಿಮಗೆ ಬಹಳ ಬೇಕಾದವರ ಹೆಸರನ್ನು ಅದು ಹೊರಗೆ ತಳ್ಳಬಹುದು, ಕಾರಣ ಕೇಳಿ ತಿಳಿದುಕೊಳ್ಳಿ. ಒಂದು ಪುಟದ ಪರಿಚಯವನ್ನೂ ಹೀಗೆಯೇ ತಿದ್ದಿಸಿ. "ಪರಿಚಯದವರು ಅಪ್ಪಿಕೊಂಡರೆ ಖುಷಿ" ಎಂದು ನೀವು ಬರೆದಿದ್ದ ಸಾಲನ್ನು ಹದಿಮೂರರ ಹುಡುಗಿ ಹೊಡೆದುಹಾಕಿದರೆ, ಅಂದಿನಿಂದ ಆ ವಿಷಯವನ್ನು ಅತ್ತೆ, ಮಾವ, ಚಿಕ್ಕಪ್ಪಂದಿರಿಗೆಲ್ಲ ತಿಳಿಸಿ ಅವರು ಕೈ ಚಾಚದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ.